ಕೋತಿ, ಇಲಿ ಮತ್ತು ಫಿನ್ಲೆಂಡಿನ ಐವರು: ಗಂಡಸರಿಗೊಂದು ಲಸಿಕೆ ಹುಡುಕಿದ ಬೆಂಗಳೂರಿನ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಇವತ್ತಿನ ಕಥೆ 1997ರದು. ಆ ಒಂದೇ ವರ್ಷ, ಜಗತ್ತಿನ ಮೂರು ಮೂಲೆಗಳಿಂದ ಒಂದೇ ಪ್ರಶ್ನೆಗೆ ಉತ್ತರ ಬಂತು. ಗಂಡಸಿನ ಮೈಯಲ್ಲಿ ವೀರ್ಯಾಣು ತಯಾರಾಗೋಕೆ ಎಫ್‌ಎಸ್‌ಎಚ್ ಅನ್ನೋ ಹಾರ್ಮೋನ್ ಬೇಕೇ ಬೇಕಾ? ಬೆಂಗಳೂರಿನ ಕೋತಿಗಳು ‘ಬೇಕು’ ಅಂದವು. ಅಮೆರಿಕದ ಹ್ಯೂಸ್ಟನ್ನಿನ ಇಲಿಗಳು ‘ಇಲ್ಲದಿದ್ರೂ ನಡೆಯುತ್ತೆ’ ಅಂದವು. ಫಿನ್ಲೆಂಡಿನಲ್ಲಿ ಐದು ಜನ ಗಂಡಸರು ಸಿಕ್ಕಿದ್ರು. ಆ ಹಾರ್ಮೋನ್ ಅವರ ಮೈಯಲ್ಲಿ ಬೇಕಾದಷ್ಟಿತ್ತು, ಆದ್ರೆ ಅದನ್ನ ತಗೊಳ್ಳೋ ವ್ಯವಸ್ಥೆಯೇ ಹುಟ್ಟಿನಿಂದ ಕೆಟ್ಟಿತ್ತು. ಆದ್ರೂ ಅವರಲ್ಲಿ ಇಬ್ಬರಿಗೆ ಮಕ್ಕಳಿದ್ದವು.

ಇದು ಬರೀ ಲ್ಯಾಬ್ ಜಗಳ ಅಲ್ಲ. ಈ ಪ್ರಶ್ನೆಯ ಮೇಲೆ ಗಂಡಸರಿಗೊಂದು ಗರ್ಭನಿರೋಧಕ ಲಸಿಕೆ ಬರುತ್ತೋ ಇಲ್ವೋ ಅನ್ನೋದು ನಿಂತಿತ್ತು. ಆ ಲಸಿಕೆಯ ಕೆಲಸ ನಡೆದದ್ದು ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ. ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆ, ಐಐಎಸ್‌ಸಿ. ಮಲ್ಲೇಶ್ವರಂ, ಯಶವಂತಪುರ ಕಡೆ ದಿನಾ ಓಡಾಡೋರಲ್ಲಿ ಎಷ್ಟು ಜನಕ್ಕೆ ಈ ವಿಷಯ ಗೊತ್ತು? ನಾನು ಕೇಳಿದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನಾನು ಬಿಕಾಂ ಓದಿದವನು. ಬಯಾಲಜಿ ಜೊತೆ ನನ್ನ ನಂಟು ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು. ಹಾಗಾಗಿ ಇದನ್ನ ಡಾಕ್ಟರ್ ಥರ ಹೇಳಲ್ಲ, ಲೆಕ್ಕಪತ್ರ ನೋಡೋನ ಥರ ಹೇಳ್ತೀನಿ. ಯಾರು ಏನು ಕಳಿಸಿದ್ರು, ಅದು ಯಾರ ಕೈ ಸೇರಿತು, ಸೇರಿದ ಮೇಲೆ ಏನಾಯ್ತು.

ಮೊದಲು ಕಳಿಸೋರ ಕಥೆ. ಅದನ್ನ ಬೇಗ ಮುಗಿಸೋಣ, ಯಾಕಂದ್ರೆ ಎಲ್ಲರೂ ಹೇಳೋದು ಅದನ್ನೇ. 1849ರಲ್ಲಿ ಜರ್ಮನಿಯ ಗೋಟಿಂಗೆನ್‌ನಲ್ಲಿ ಬರ್ಥೋಲ್ಡ್ ಅನ್ನೋ ವಿಜ್ಞಾನಿ ಆರು ಹುಂಜಗಳ ವೃಷಣ ತೆಗೆದು, ಕೆಲವಕ್ಕೆ ಅದನ್ನ ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ಕೂರಿಸಿದ. ಕೂರಿಸಿದವು ಹುಂಜಗಳಾಗಿಯೇ ಬೆಳೆದವು. ಕೂಗಿದವು, ಜಗಳ ಆಡಿದವು. ಅಂದ್ರೆ ವೃಷಣದಿಂದ ಏನೋ ಒಂದು ರಕ್ತಕ್ಕೆ ಸೇರುತ್ತೆ ಅಂತಾಯ್ತು. 1889ರಲ್ಲಿ ಪ್ಯಾರಿಸ್‌ನ ಬ್ರೌನ್-ಸೆಕಾರ್, 72ನೇ ವಯಸ್ಸಲ್ಲಿ, ನಾಯಿ ಮತ್ತು ಗಿನಿಪಿಗ್ಗಿನ ವೃಷಣದ ರಸವನ್ನ ತನಗೇ ಚುಚ್ಚಿಕೊಂಡು ‘ಯೌವನ ವಾಪಸ್ ಬಂತು’ ಅಂತ ಸಭೆಯಲ್ಲಿ ಘೋಷಿಸಿದ. ಆ ನೀರಿನಂಥ ರಸದಲ್ಲಿ ಹಾರ್ಮೋನ್ ಇದ್ದದ್ದೇ ಅನುಮಾನ, ಆದ್ರೆ ಯುರೋಪಿಗೆ ಹುಚ್ಚು ಹಿಡೀತು. 1935ರಲ್ಲಿ ಟೆಸ್ಟೋಸ್ಟಿರೋನ್ ಶುದ್ಧ ರೂಪದಲ್ಲಿ ಸಿಕ್ಕಿತು, ಅದೇ ವರ್ಷ ಪ್ರಯೋಗಾಲಯದಲ್ಲಿ ತಯಾರೂ ಆಯ್ತು. 1939ರಲ್ಲಿ ಬ್ಯೂಟೆನಾಂಟ್ ಮತ್ತು ರುಜಿಚ್ಕಾಗೆ ನೊಬೆಲ್. ಇಷ್ಟೂ ವರ್ಷ ಎಲ್ಲರ ಕಣ್ಣು ಕಳಿಸಿದ ವಸ್ತುವಿನ ಮೇಲೇ ಇತ್ತು. ತಗೊಳ್ಳೋರ ಬಗ್ಗೆ ಕೇಳಿದವರು ತೀರಾ ಕಡಿಮೆ.

ಈಗ ನನ್ನ ಬಿಕಾಂ ಉದಾಹರಣೆ. ಹಾರ್ಮೋನ್ ಅಂದ್ರೆ ಒಂದು ಚೆಕ್. ರಿಸೆಪ್ಟರ್ ಅಂದ್ರೆ ಆ ಚೆಕ್ ತಗೊಳ್ಳೋ ಬ್ಯಾಂಕ್ ಕೌಂಟರ್. ಕೋಟಿ ರೂಪಾಯಿಯ ಚೆಕ್ ಬರೆದರೂ ಕೌಂಟರ್ ಮುಚ್ಚಿದ್ರೆ ಅದು ಬರೀ ಕಾಗದ. ನಮ್ಮ ಪಠ್ಯಪುಸ್ತಕಗಳು ರಿಸೆಪ್ಟರ್‌ಗೆ ‘ಗ್ರಾಹಕ’ ಅಂತಾವೆ. ಬ್ಯಾಂಕಿನ ಹೋಲಿಕೆ ಹಿಡಿದ ಮೇಲೆ ಗ್ರಾಹಕ ಅಂದ್ರೆ ಕಸ್ಟಮರ್ ಆಗ್ಬಿಡ್ತಾನೆ, ಎಲ್ಲಾ ತಲೆಕೆಳಗು! ಅದಕ್ಕೇ ನಾನು ರಿಸೆಪ್ಟರ್ ಅಂತಲೇ ಹೇಳ್ತೀನಿ.

ಕೌಂಟರ್ ಮುಚ್ಚಿದ್ರೆ ಏನಾಗುತ್ತೆ ಅನ್ನೋದನ್ನ ಮೊದಲು ತೋರಿಸಿಕೊಟ್ಟವರು ಕೆಲವು ಹೆಣ್ಣುಮಕ್ಕಳು. 1953ರಲ್ಲಿ ಅಮೆರಿಕದ ಜಾನ್ ಮೋರಿಸ್ ಇಂಥ 82 ಪ್ರಕರಣಗಳನ್ನ ಒಟ್ಟುಗೂಡಿಸಿ ಬರೆದ. ನೋಡೋಕೆ, ಬೆಳೆದ ರೀತಿಗೆ, ತಮ್ಮ ಮನಸ್ಸಿಗೆ ಅವರು ಹೆಣ್ಣು. ಮುಟ್ಟಾಗಿಲ್ಲ ಅಂತ ಪರೀಕ್ಷೆ ಮಾಡಿದ್ರೆ ಹೊಟ್ಟೆಯೊಳಗೆ ವೃಷಣ, ಜೀವಕೋಶದಲ್ಲಿ ಎಕ್ಸ್-ವೈ ವರ್ಣತಂತು, ರಕ್ತದಲ್ಲಿ ಗಂಡಸರಷ್ಟೇ ಟೆಸ್ಟೋಸ್ಟಿರೋನ್. ಬಾಲ್ಟಿಮೋರಿನ ಮಕ್ಕಳ ವೈದ್ಯ ಲಾಸನ್ ವಿಲ್ಕಿನ್ಸ್ ಇಂಥವರಿಗೆ ಇನ್ನಷ್ಟು ಗಂಡು ಹಾರ್ಮೋನ್ ಕೊಟ್ಟು ನೋಡಿದ. ಮೈ ಕ್ಯಾರೇ ಅನ್ನಲಿಲ್ಲ. ಚೆಕ್ ಇತ್ತು, ಕೌಂಟರ್ ಇರಲಿಲ್ಲ. ಟೆಸ್ಟೋಸ್ಟಿರೋನಿನ ರಿಸೆಪ್ಟರ್ ಮಾಡೋ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ, ಅಂದ್ರೆ ಗಂಡುಮಗುವಿಗೆ ಅದು ಬರೋದು ತಾಯಿಯಿಂದ. 1988ರಲ್ಲಿ ಆ ಜೀನ್ ಸಿಕ್ಕಿತು. ‘ಗಂಡಸುತನ’ದ ಕೌಂಟರ್ ಅಮ್ಮನ ಕಡೆಯಿಂದ ಬರುತ್ತೆ. ಇದನ್ನ ಮನೆಯಲ್ಲಿ ಹೇಳಿ ನೋಡಿ, ಮಜಾ ಇರುತ್ತೆ.

ಇನ್ನೊಂದು ಸಂಗತಿ ನನಗೆ ಇನ್ನೂ ವಿಚಿತ್ರ ಅನ್ನಿಸ್ತು. ಗಂಡುಮಗು ಹುಟ್ಟಿದ ಮೊದಲ ಕೆಲವು ತಿಂಗಳು ಅದರ ಮೈಯಲ್ಲಿ ಟೆಸ್ಟೋಸ್ಟಿರೋನ್ ಹೆಚ್ಚುಕಮ್ಮಿ ಹದಿಹರೆಯದ ಹುಡುಗನ ಮಟ್ಟಕ್ಕೆ ಏರುತ್ತೆ. ತೊಟ್ಟಿಲಲ್ಲಿರೋ ಕೂಸಿಗೆ! ಹಾಗಾದ್ರೆ ವೀರ್ಯಾಣು ಯಾಕೆ ತಯಾರಾಗಲ್ಲ? ಯಾಕಂದ್ರೆ ಆ ಕೆಲಸ ಶುರು ಮಾಡಿಸಬೇಕಾದ ಜೀವಕೋಶಗಳಲ್ಲಿ ಟೆಸ್ಟೋಸ್ಟಿರೋನಿನ ರಿಸೆಪ್ಟರ್ ಆ ವಯಸ್ಸಿಗೆ ಇನ್ನೂ ಬಂದಿರಲ್ಲ. ಚೆಕ್ ರಾಶಿ ಬಿದ್ದಿದೆ, ಬ್ಯಾಂಕ್ ಇನ್ನೂ ಉದ್ಘಾಟನೆ ಆಗಿಲ್ಲ.

ಆ ಜೀವಕೋಶಗಳ ಹೆಸರು ಸರ್ಟೋಲಿ ಕೋಶ. ಇವತ್ತಿನ ಕಥೆಯ ನಿಜವಾದ ಹೀರೋ ಇವೇ. 1865ರಲ್ಲಿ ಇಟಲಿಯ ಎನ್ರಿಕೋ ಸರ್ಟೋಲಿ, 23ರ ಹುಡುಗ, ಮೈಕ್ರೋಸ್ಕೋಪಿನಲ್ಲಿ ವೃಷಣದ ಸಣ್ಣ ನಳಿಕೆಗಳನ್ನ ನೋಡ್ತಾ ಕುಳಿತಿದ್ದ. ಮರದ ಹಾಗೆ ಕೊಂಬೆ ಚಾಚಿಕೊಂಡ ಕೋಶಗಳು ಕಂಡವು. ಆ ಕೊಂಬೆಗಳ ಸಂದಿಯಲ್ಲಿ, ಗೂಡಲ್ಲಿ ಕೂತ ಹಾಗೆ, ಬೆಳೀತಿರೋ ವೀರ್ಯಾಣುಗಳು. ಇವು ಸಾಕುತಾಯಿಗಳು. ವೀರ್ಯಾಣುವಿಗೆ ಊಟ, ಆಸರೆ, ರಕ್ಷಣೆ ಎಲ್ಲಾ ಇವುಗಳದ್ದೇ. ಒಬ್ಬ ಸಾಕುತಾಯಿ ಇಂತಿಷ್ಟೇ ಮಕ್ಕಳನ್ನ ನೋಡ್ಕೋಬಹುದು, ಅದಕ್ಕಿಂತ ಹೆಚ್ಚಿಲ್ಲ.

ವೀರ್ಯಾಣುವಾಗೋ ಕೋಶಕ್ಕೆ ಎಫ್‌ಎಸ್‌ಎಚ್ ರಿಸೆಪ್ಟರೂ ಇಲ್ಲ, ಕೆಲಸಕ್ಕೆ ಬರೋ ಟೆಸ್ಟೋಸ್ಟಿರೋನ್ ರಿಸೆಪ್ಟರೂ ಇಲ್ಲ. ಎರಡೂ ಇರೋದು ಸರ್ಟೋಲಿ ಕೋಶದಲ್ಲಿ. ತಲೆಯ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿ ಎರಡು ಚೆಕ್ ಬರೆಯುತ್ತೆ. ಒಂದು ಎಲ್‌ಎಚ್. ಅದು ವೃಷಣದ ಇನ್ನೊಂದು ಜಾತಿಯ ಕೋಶಕ್ಕೆ, ಲೈಡಿಗ್ ಕೋಶಕ್ಕೆ ಹೋಗಿ ಟೆಸ್ಟೋಸ್ಟಿರೋನ್ ತಯಾರು ಮಾಡಿಸುತ್ತೆ. ಇನ್ನೊಂದು ಎಫ್‌ಎಸ್‌ಎಚ್. ಅದು ನೇರ ಸರ್ಟೋಲಿ ಕೋಶಕ್ಕೆ. ಎಫ್‌ಎಸ್‌ಎಚ್ ದೊಡ್ಡ ಪ್ರೋಟೀನು, ಒಳಗೆ ನುಗ್ಗೋಕೆ ಆಗಲ್ಲ, ಅದರ ಕೌಂಟರ್ ಕೋಶದ ಹೊರಗೋಡೆಯಲ್ಲಿದೆ. ಟೆಸ್ಟೋಸ್ಟಿರೋನ್ ಸಣ್ಣದು, ಗೋಡೆ ದಾಟಿ ಒಳಗೇ ಹೋಗುತ್ತೆ, ಅದರ ಕೌಂಟರ್ ಒಳಗಿದೆ. ಮಗುವಾಗಿದ್ದಾಗ ಎಫ್‌ಎಸ್‌ಎಚ್ ಕೆಲಸ ಸರ್ಟೋಲಿ ಕೋಶಗಳ ಸಂಖ್ಯೆ ಹೆಚ್ಚಿಸೋದು. ಪ್ರಾಯಕ್ಕೆ ಬಂದ ಮೇಲೆ ಆ ಸಂಖ್ಯೆ ಹೆಚ್ಚೋದು ನಿಂತುಹೋಗುತ್ತೆ. ಅಂದ್ರೆ 25ರ ಗಂಡಸಿನ ವೀರ್ಯಾಣು ಎಣಿಕೆಯ ಗರಿಷ್ಠ ಮಿತಿ ಬಹುಮಟ್ಟಿಗೆ ಅವನು ಚಡ್ಡಿ ಹಾಕ್ಕೊಂಡು ಆಡ್ತಿದ್ದಾಗಲೇ ನಿಗದಿಯಾಗಿರುತ್ತೆ.

ಇಲ್ಲಿ ಜಿಮ್‌ಗೆ ಹೋಗೋ ಗೆಳೆಯರಿಗೆ ಒಂದು ಮಾತು. ನನ್ನ ಬ್ಯಾಚಿನ ಒಬ್ಬ, ಹೆಸರು ಬೇಡ, ಮೈ ಕಟ್ಟೋಕೆ ಅಂತ ಟೆಸ್ಟೋಸ್ಟಿರೋನ್ ಇಂಜೆಕ್ಷನ್ ತಗೊಳ್ತಿದ್ದ. ‘ಗಂಡಸರ ಹಾರ್ಮೋನ್ ತಾನೆ ಮಗಾ, ಜಾಸ್ತಿ ಆದ್ರೆ ಒಳ್ಳೇದೇ’ ಅನ್ನೋದು ಅವನ ವಾದ. ಮೈಯಲ್ಲಿ ನಡೆಯೋದು ಉಲ್ಟಾ. ಹೊರಗಿಂದ ಟೆಸ್ಟೋಸ್ಟಿರೋನ್ ಸುರಿದಾಗ ಪಿಟ್ಯುಟರಿ ‘ಸ್ಟಾಕ್ ಸಾಕಷ್ಟಿದೆ’ ಅಂದ್ಕೊಂಡು ಎರಡೂ ಚೆಕ್ ಬರೆಯೋದನ್ನ ನಿಲ್ಲಿಸುತ್ತೆ. ವೃಷಣದೊಳಗೆ ಸಹಜವಾಗಿ ರಕ್ತಕ್ಕಿಂತ ಹತ್ತಾರು ಪಟ್ಟು ಹೆಚ್ಚು ಟೆಸ್ಟೋಸ್ಟಿರೋನ್ ಇರಬೇಕು. ಅದು ಅಲ್ಲೇ ತಯಾರಾಗೋ ಮಾಲು. ಫ್ಯಾಕ್ಟರಿ ಬಂದ್ ಆದ್ರೆ ತೋಳಿನ ಮೂಲಕ ಚುಚ್ಚಿದ್ದು ಆ ಮಟ್ಟ ಮುಟ್ಟಲ್ಲ. ತೋಳು ಉಬ್ಬುತ್ತೆ, ವೀರ್ಯಾಣು ಇಳಿಯುತ್ತೆ, ವೃಷಣ ಕುಗ್ಗುತ್ತೆ.

ಇದು ನನ್ನ ಊಹೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಗರ್ಭನಿರೋಧಕವಾಗಿ ಬಳಸಬಹುದಾ ಅಂತ ಪರೀಕ್ಷೆ ಮಾಡಿತ್ತು. 7 ದೇಶಗಳ 10 ಕೇಂದ್ರಗಳಲ್ಲಿ 271 ಗಂಡಸರಿಗೆ ವಾರಕ್ಕೊಂದು 200 ಮಿಲಿಗ್ರಾಂ ಇಂಜೆಕ್ಷನ್. 1990ರಲ್ಲಿ ಫಲಿತಾಂಶ ಬಂತು. 157 ಜನ ವೀರ್ಯಾಣು ಸೊನ್ನೆಗೆ ಇಳಿದು, ಬೇರೆ ಯಾವ ಗರ್ಭನಿರೋಧಕವೂ ಇಲ್ಲದೆ ಸಂಸಾರ ಮಾಡೋ ಹಂತಕ್ಕೆ ಹೋದ್ರು. ಆ ಅವಧಿಯಲ್ಲಿ ಗರ್ಭ ನಿಂತದ್ದು ಒಂದೇ ಒಂದು. ಜಿಮ್ ಹುಡುಗರು ಶಕ್ತಿ ಅಂದ್ಕೊಂಡು ತಗೊಳ್ಳೋದನ್ನ ವಿಜ್ಞಾನಿಗಳು ಬಂಜೆತನದ ಮದ್ದಾಗಿ ಪರೀಕ್ಷಿಸಿದ್ರು. ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ವಾಪಸ್ ಬರುತ್ತೆ, ಆದ್ರೆ ತಿಂಗಳುಗಟ್ಟಲೆ ಹಿಡಿಯುತ್ತೆ. ಒಂದು ವೀರ್ಯಾಣು ತಯಾರಾಗೋಕೇ ಎರಡು ತಿಂಗಳ ಮೇಲೆ ಬೇಕು.

ಈ ದಾರಿಯ ತೊಂದರೆ ಏನು? ಎರಡೂ ಚೆಕ್ ನಿಲ್ಲುತ್ತೆ, ವಾರವಾರ ಚುಚ್ಚಿಸ್ಕೋಬೇಕು. ಹಾಗಾದ್ರೆ ಎಲ್‌ಎಚ್ ಅನ್ನ ಮುಟ್ಟದೆ, ಟೆಸ್ಟೋಸ್ಟಿರೋನ್ ಅನ್ನ ಅದರ ಪಾಡಿಗೆ ಬಿಟ್ಟು, ಎಫ್‌ಎಸ್‌ಎಚ್ ಒಂದನ್ನೇ ತಡೆದ್ರೆ? ಗಡ್ಡ ಮೀಸೆ, ಆಸೆ, ಸ್ನಾಯು ಎಲ್ಲಾ ಇದ್ದಹಾಗೇ ಇದ್ದು, ಸಾಕುತಾಯಿ ಮಾತ್ರ ಕೆಲಸ ನಿಲ್ಲಿಸಿದ್ರೆ? ಈಗ ಬೆಂಗಳೂರಿಗೆ ಬರೋಣ.

ಎನ್. ಆರ್. ಮುದ್ಗಲ್. ಇಂಗ್ಲಿಷ್ ಪತ್ರಿಕೆಗಳಲ್ಲಿ ಮೌದ್ಗಲ್ ಅಂತ ಓದೋ ಹಾಗೆ ಬರೀತಾರೆ. ಐಐಎಸ್‌ಸಿಯ ಜೀವರಸಾಯನ ವಿಜ್ಞಾನಿ. 1960ರ ದಶಕದ ಆರಂಭದಲ್ಲಿ, ಪಿಟ್ಯುಟರಿ ಹಾರ್ಮೋನುಗಳ ಲೋಕದಲ್ಲಿ ದೊಡ್ಡ ಹೆಸರಾಗಿದ್ದ ಕ್ಯಾಲಿಫೋರ್ನಿಯಾದ ಚೋ ಹಾವ್ ಲೀ ಜೊತೆ ಕೆಲಸ ಮಾಡಿದವರು. ಅವರ ಕೈಗೆ ಹತ್ತಿದ ಆಯುಧ ಪ್ರತಿಕಾಯ, ಆಂಟಿಬಾಡಿ. ಒಂದು ಹಾರ್ಮೋನ್ ಏನು ಮಾಡುತ್ತೆ ಅಂತ ತಿಳೀಬೇಕಾದ್ರೆ ಗ್ರಂಥಿಯನ್ನೇ ಕಿತ್ತು ಹಾಕೋ ಕಾಲ ಅದು. ಕಿತ್ತರೆ ಹತ್ತು ಹಾರ್ಮೋನ್ ಒಟ್ಟಿಗೇ ಹೋಗ್ತವೆ. ಮುದ್ಗಲ್ ಮಾಡಿದ್ದು ಬೇರೆ. ಬೇಕಾದ ಒಂದೇ ಹಾರ್ಮೋನಿಗೆ ಆಂಟಿಬಾಡಿ ಕೊಟ್ಟು ಅದೊಂದನ್ನ ಮಾತ್ರ ಕಟ್ಟಿಹಾಕೋದು. ಉಳಿದದ್ದೆಲ್ಲಾ ಯಥಾಸ್ಥಿತಿ. ಲೆಕ್ಕದ ಪುಸ್ತಕದಲ್ಲಿ ಒಂದೇ ಎಂಟ್ರಿ ಹೊಡೆದುಹಾಕಿ ಬ್ಯಾಲೆನ್ಸ್ ಏನಾಗುತ್ತೆ ನೋಡೋ ಹಾಗೆ.

ಪ್ರಯೋಗಕ್ಕೆ ಸಿಕ್ಕಿದ್ದು ನಮ್ಮೂರ ಮಂಗ. ದಕ್ಷಿಣ ಭಾರತದಲ್ಲಿ ಬಿಟ್ಟು ಬೇರೆಲ್ಲೂ ಸಹಜವಾಗಿ ಇಲ್ಲದ, ತಲೆ ಮೇಲೆ ಟೋಪಿ ಇಟ್ಟ ಹಾಗೆ ಕೂದಲಿರೋ ಬಾನೆಟ್ ಮಕಾಕ್. ನಂದಿಬೆಟ್ಟದಲ್ಲಿ ನಿಮ್ಮ ಕೈಯಿಂದ ಚಿಪ್ಸ್ ಕಿತ್ಕೊಳ್ಳೋದು ಇದೇ. 1970ರ ದಶಕದ ಕೊನೆಗೆ ಮುದ್ಗಲ್ ತಂಡ ಗಂಡು ಮಂಗಗಳಿಗೆ ಎಫ್‌ಎಸ್‌ಎಚ್ ವಿರುದ್ಧದ ಆಂಟಿಬಾಡಿ ಕೊಟ್ಟು ನೋಡಿತ್ತು. ಆಮೇಲೆ ಕುರಿಯ ಪಿಟ್ಯುಟರಿಯಿಂದ ತೆಗೆದ ಎಫ್‌ಎಸ್‌ಎಚ್ ಅನ್ನೇ ಲಸಿಕೆಯಾಗಿ ಚುಚ್ಚಿತು. ಮಂಗದ ಮೈ ಕುರಿಯ ಹಾರ್ಮೋನನ್ನ ಪರಕೀಯ ಅಂತ ತಿಳಿದು ಆಂಟಿಬಾಡಿ ಮಾಡುತ್ತೆ. ಎರಡೂ ಹೋಲೋದ್ರಿಂದ ಆ ಆಂಟಿಬಾಡಿ ಮಂಗದ ಸ್ವಂತ ಎಫ್‌ಎಸ್‌ಎಚ್ ಅನ್ನೂ ಹಿಡಿದು ಹಾಕುತ್ತೆ. ಫಲ ಏನು ಅಂದ್ರೆ, ವೀರ್ಯಾಣು ಕುಸಿಯಿತು, ಹೆಣ್ಣಿನ ಜೊತೆ ಬಿಟ್ಟರೂ ಗರ್ಭ ನಿಲ್ಲಲಿಲ್ಲ, ಟೆಸ್ಟೋಸ್ಟಿರೋನ್ ಕದಲಲಿಲ್ಲ, ಲಸಿಕೆ ನಿಲ್ಲಿಸಿದ ಮೇಲೆ ಫಲವತ್ತತೆ ಮರಳಿ ಬಂತು.

ಆ ಕಾಲದ ಭಾರತವನ್ನ ನೆನಪು ಮಾಡಿಕೊಂಡು ಇದನ್ನ ಓದಬೇಕು. ತುರ್ತುಪರಿಸ್ಥಿತಿ ಆಗಷ್ಟೇ ಮುಗಿದಿತ್ತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ನಡೆದಿತ್ತು. ಅದರಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರದ್ದು, ಎಷ್ಟೋ ಕಡೆ ಬಲವಂತದ್ದು. ಅದಾದ ಮೇಲೆ ಗಂಡಸರ ಆಪರೇಷನ್ ಅನ್ನೋ ಮಾತೇ ರಾಜಕೀಯವಾಗಿ ಸತ್ತುಹೋಯ್ತು. ಇಡೀ ಭಾರ ಹೆಂಗಸರ ಮೇಲೆ ಬಿತ್ತು, ಇವತ್ತಿಗೂ ಇಳಿದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಮದುವೆಯಾದ ಹೆಂಗಸರಲ್ಲಿ ಸಂತಾನಹರಣ ಚಿಕಿತ್ಸೆಯನ್ನ ಅವಲಂಬಿಸಿರೋರು ಶೇ. 37.9, ಗಂಡಸರ ಚಿಕಿತ್ಸೆಯ ಪಾಲು ಶೇ. 0.3. ನಮ್ಮನೆಯದ್ದೇ ಲೆಕ್ಕ ಹಾಕಿದ್ರೆ ಅಮ್ಮ, ದೊಡ್ಡಮ್ಮ, ಇಬ್ಬರು ಚಿಕ್ಕಮ್ಮಂದಿರು, ನಾಲ್ಕೂ ಜನ ಆಪರೇಷನ್ ಆದವರು. ಅಪ್ಪ, ದೊಡ್ಡಪ್ಪ, ಚಿಕ್ಕಪ್ಪಂದಿರು ಸೇರಿ ಸೊನ್ನೆ. ಚಿಕ್ಕಮ್ಮನನ್ನ ಕೇಳಿದ್ದಕ್ಕೆ, ‘ಅವರು ಗಾಡಿ ಓಡಿಸೋರು ಕಣೋ, ಅವರಿಗೆ ಸುಸ್ತಾದ್ರೆ ಹೇಗೆ?’ ಅಂದ್ರು. ಹೊಲಿಗೆ ಬಿಚ್ಚಿದ ವಾರಕ್ಕೇ ಅವರು ಗದ್ದೆಗೆ ಹೋಗಿದ್ದರಂತೆ.

ಇಂಥ ದೇಶದಲ್ಲಿ ‘ಗಂಡಸುತನಕ್ಕೆ ಕೈ ಹಚ್ಚದ, ಬೇಡವಾದ್ರೆ ನಿಲ್ಲಿಸಬಹುದಾದ’ ಲಸಿಕೆ ಅಂದ್ರೆ ಸಣ್ಣ ಮಾತಲ್ಲ.

ಆದ್ರೆ ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ಎಬರ್‌ಹಾರ್ಡ್ ನೀಶ್ಲಾಗ್ ತಂಡ ಇದೇ ಪ್ರಯೋಗವನ್ನ ರೀಸಸ್ ಮಂಗಗಳಲ್ಲಿ ನಾಲ್ಕೂವರೆ ವರ್ಷ ಮಾಡಿತ್ತು. ವೀರ್ಯಾಣು ಇಳಿಯುತ್ತೆ ನಿಜ, ಆದ್ರೆ ಸೊನ್ನೆಗೆ ಇಳಿದು ಅಲ್ಲೇ ನಿಲ್ಲಲ್ಲ ಅನ್ನೋದು ಅವರಿಗೆ ಕಂಡದ್ದು. 1980ರ ದಶಕದ ಮಧ್ಯದಲ್ಲಿ ಅವರು ‘ಈ ದಾರಿ ಬಿಡೋದೇ ವಾಸಿ’ ಅಂದ್ರು. ಬೆಂಗಳೂರು ಒಪ್ಪಲಿಲ್ಲ. ಸಂಖ್ಯೆ ಒಂದನ್ನೇ ಎಣಿಸಬೇಡಿ, ಗುಣಮಟ್ಟ ನೋಡಿ ಅನ್ನೋದು ಮುದ್ಗಲ್ ವಾದ. ಎಫ್‌ಎಸ್‌ಎಚ್ ಇಲ್ಲದೆ ಹುಟ್ಟಿದ ವೀರ್ಯಾಣು ಹೆಸರಿಗೆ ಮಾತ್ರ ವೀರ್ಯಾಣು, ಅಂಡದ ಹತ್ತಿರ ಹೋಗಿ ಕೆಲಸ ಮುಗಿಸೋ ತಾಕತ್ತು ಅದಕ್ಕಿರಲ್ಲ ಅಂತ. ನನಗಂತೂ ಈ ವಾದ ತೂಕದ್ದು ಅನ್ನಿಸುತ್ತೆ. ಆದ್ರೆ ಗರ್ಭನಿರೋಧಕ ಕೊಂಡುಕೊಳ್ಳೋ ದಂಪತಿಗೆ ‘ವೀರ್ಯಾಣು ಇದೆ, ಆದ್ರೆ ಚೆನ್ನಾಗಿಲ್ಲ, ಧೈರ್ಯವಾಗಿರಿ’ ಅಂದ್ರೆ ನಿದ್ದೆ ಬರುತ್ತಾ?

ಇಲ್ಲಿವರೆಗೂ ಜಗಳ ಚೆಕ್ ಮೇಲೆ. 1990ರ ದಶಕದಲ್ಲಿ ಎಲ್ಲರೂ ಕೌಂಟರ್ ಕಡೆ ತಿರುಗಿದ್ರು, ಯಾಕಂದ್ರೆ 1990ರಲ್ಲಿ ಎಫ್‌ಎಸ್‌ಎಚ್ ರಿಸೆಪ್ಟರಿನ ಜೀನ್ ಇಲಿಯಲ್ಲಿ ಸಿಕ್ಕಿತು, ಬೆನ್ನಿಗೇ ಮನುಷ್ಯರಲ್ಲೂ ಸಿಕ್ಕಿತು. ಈಗ ಕೌಂಟರ್ ಕೆಟ್ಟಿರೋ ಜನರನ್ನ ಹುಡುಕಬಹುದಿತ್ತು.

ಮೊದಲು ಸಿಕ್ಕವನು ಉಲ್ಟಾ ಕೇಸ್. 1996ರಲ್ಲಿ ಅದೇ ಮ್ಯೂನ್‌ಸ್ಟರ್ ತಂಡ ಒಬ್ಬನ ಬಗ್ಗೆ ಬರೀತು. ಗೆಡ್ಡೆಯಿಂದಾಗಿ ಅವನ ಪಿಟ್ಯುಟರಿ ತೆಗೆದುಹಾಕಿದ್ರು. ಎಲ್‌ಎಚ್ ಇಲ್ಲ, ಎಫ್‌ಎಸ್‌ಎಚ್ ಇಲ್ಲ. ವೈದ್ಯರು ಬದಲಿಗೆ ಟೆಸ್ಟೋಸ್ಟಿರೋನ್ ಕೊಡ್ತಿದ್ರು. ಲೆಕ್ಕದ ಪ್ರಕಾರ ಅವನಲ್ಲಿ ವೀರ್ಯಾಣು ಇರಬಾರದು. ಆದ್ರೆ ಅವನು ಮಕ್ಕಳ ತಂದೆಯಾಗಿದ್ದ! ಹುಡುಕಿದಾಗ ಸಿಕ್ಕಿದ್ದು ಅವನ ಎಫ್‌ಎಸ್‌ಎಚ್ ರಿಸೆಪ್ಟರಿನ 567ನೇ ಜಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲದ ಬದಲಾವಣೆ. ಅದರಿಂದ ರಿಸೆಪ್ಟರ್ ಹಾರ್ಮೋನ್ ಬರದಿದ್ರೂ ತನ್ನಷ್ಟಕ್ಕೆ ಆನ್ ಆಗಿತ್ತು. ಚೆಕ್ ಇಲ್ಲದೆ ಕ್ಯಾಶಿಯರ್ ದುಡ್ಡು ಕೊಡ್ತಾ ಕೂತಿದ್ದ. ಎಫ್‌ಎಸ್‌ಎಚ್ ದಾರಿ ಗಂಡಸಿಗೆ ಮುಖ್ಯ ಅನ್ನೋದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ನಾನು ನೋಡಿಲ್ಲ.

ಇತ್ತ ಫಿನ್ಲೆಂಡಿನಲ್ಲಿ 1995ರಲ್ಲೇ ಕ್ರಿಸ್ಟೀನಾ ಐಟ್ಟೊಮಾಕಿ ತಂಡ ಒಂದು ಜೀನ್ ದೋಷ ಕಂಡುಹಿಡಿದಿತ್ತು. ಕೆಲವು ಕುಟುಂಬಗಳ ಹೆಣ್ಣುಮಕ್ಕಳು ಮುಟ್ಟಾಗ್ತಿರಲಿಲ್ಲ, ಅಂಡಾಶಯ ಕೆಲಸ ಮಾಡ್ತಿರಲಿಲ್ಲ. ಕಾರಣ ಎಫ್‌ಎಸ್‌ಎಚ್ ರಿಸೆಪ್ಟರಿನ 189ನೇ ಜಾಗದ ಬದಲಾವಣೆ. ರಿಸೆಪ್ಟರ್ ತಯಾರಾಗುತ್ತೆ, ಆದ್ರೆ ಹೆಚ್ಚಿನ ಪಾಲು ಕೋಶದೊಳಗೇ ಸಿಕ್ಕಿಹಾಕಿಕೊಂಡು ಗೋಡೆವರೆಗೆ ಬರೋದೇ ಇಲ್ಲ. ಸರಿ, ಆ ಹೆಣ್ಣುಮಕ್ಕಳಿಗೆ ಅಣ್ಣತಮ್ಮಂದಿರು ಇರ್ತಾರಲ್ವಾ? ಅವರಲ್ಲೂ ಇದೇ ದೋಷದ ಎರಡು ಪ್ರತಿ ಇರೋರು ಐದು ಜನ ಸಿಕ್ಕಿದ್ರು. 1997ರಲ್ಲಿ ಯುಹಾ ತಪನೈನೆನ್ ಮತ್ತು ಸಂಗಡಿಗರು ಪ್ರಕಟಿಸಿದ್ರು. ವೃಷಣ ಚಿಕ್ಕದು, ವೀರ್ಯಾಣು ಎಣಿಕೆ ಒಬ್ಬೊಬ್ಬರದು ಒಂದೊಂದು ಥರ, ಕೆಲವರದು ತೀರಾ ಕಡಿಮೆ. ಆದ್ರೆ ಒಬ್ಬರದೂ ಸೊನ್ನೆ ಅಲ್ಲ. ಇಬ್ಬರಿಗೆ ಮಕ್ಕಳು. ಅಕ್ಕತಂಗಿಯರಿಗೆ ಬಂಜೆತನ ತಂದ ಅದೇ ದೋಷ, ಅಣ್ಣತಮ್ಮಂದಿರಿಗೆ ಬರೀ ಅಡ್ಡಿ.

ಅದೇ ವರ್ಷ ಹ್ಯೂಸ್ಟನ್ನಿನ ಬೇಲರ್ ಕಾಲೇಜಿನಲ್ಲಿ ರಾಜೇಂದ್ರ ಕುಮಾರ್, ಮಾರ್ಟಿನ್ ಮಾಟ್ಜುಕ್ ತಂಡ ಎಫ್‌ಎಸ್‌ಎಚ್ ಜೀನನ್ನೇ ತೆಗೆದ ಇಲಿಗಳನ್ನ ಮಾಡಿತು. ಹೆಣ್ಣಿಲಿ ಬಂಜೆ. ಗಂಡಿಲಿಯ ವೃಷಣ ಚಿಕ್ಕದಾಯ್ತು, ಆದ್ರೆ ಮರಿ ಹುಟ್ಟಿಸಿತು.

ಅದೇ ವರ್ಷ ಬೆಂಗಳೂರಿನಿಂದಲೂ ಎರಡು ವರದಿ. ಒಂದು, ಕುರಿಯ ಎಫ್‌ಎಸ್‌ಎಚ್ ಲಸಿಕೆಯನ್ನ ಮೊದಲ ಬಾರಿ ಮನುಷ್ಯರಿಗೆ, ಐದು ಜನ ಸ್ವಯಂಸೇವಕರಿಗೆ ಕೊಟ್ಟಿದ್ದು. ಆಂಟಿಬಾಡಿ ಹುಟ್ಟಿತು, ತೊಂದರೆ ಆಗಲಿಲ್ಲ, ಟೆಸ್ಟೋಸ್ಟಿರೋನ್ ಹಾಗೇ ಉಳಿಯಿತು. ಆದ್ರೆ ಇದೊಂದನ್ನೇ ನಂಬಿ ಸಂಸಾರ ಮಾಡಿ ಅನ್ನೋ ಮಟ್ಟಕ್ಕೆ ಅದು ಬರಲಿಲ್ಲ. ಇನ್ನೊಂದು ವರದಿ ನನಗೆ ಹೆಚ್ಚು ಇಷ್ಟ. ಮುದ್ಗಲ್, ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಸಾಯಿರಾಮ್ ಜೊತೆ ಸೇರಿ, ಹಾರ್ಮೋನನ್ನ ಬಿಟ್ಟು ರಿಸೆಪ್ಟರನ್ನೇ ಲಸಿಕೆ ಮಾಡಿದ್ರು. ಮಂಗದ ಮೈ ತನ್ನದೇ ಕೌಂಟರಿಗೆ ಬೀಗ ಹಾಕೋ ಹಾಗೆ. ಆ ಮಂಗಗಳ ವೃಷಣದ ಕೆಲಸ ಏರುಪೇರಾಯ್ತು, ಫಲವತ್ತತೆ ಹೋಯ್ತು.

ಹೀಗೆ ಒಂದೇ ವರ್ಷ ‘ಹೌದು’ ಮತ್ತು ‘ಇಲ್ಲ’ ಎರಡೂ ಬಂದ ಮೇಲೆ, 1998ರಲ್ಲಿ ಮುದ್ಗಲ್ ಮತ್ತು ಸಾಯಿರಾಮ್ ಒಂದು ಲೇಖನ ಬರೆದ್ರು. ಅದರ ಶೀರ್ಷಿಕೆಯೇ ಒಂದು ಪ್ರಶ್ನೆ: ಮಂಗ-ಮನುಷ್ಯರಂಥ ಪ್ರೈಮೇಟ್‌ಗಳಲ್ಲಿ ವೀರ್ಯಾಣು ಮತ್ತು ಫಲವತ್ತತೆಗೆ ಎಫ್‌ಎಸ್‌ಎಚ್ ನಿಜಕ್ಕೂ ಬೇಕಾ ಅಂತ. ಅದೇ ವರ್ಷ ಇನ್ನೊಂದು ತಿರುವು. ಇಸ್ರೇಲ್ ಮತ್ತು ಸ್ವೀಡನ್‌ನಿಂದ ಎಫ್‌ಎಸ್‌ಎಚ್ ಹಾರ್ಮೋನಿನ ಜೀನೇ ಕೆಟ್ಟ ಗಂಡಸರ ವರದಿ ಬಂತು. ಅವರ ವೀರ್ಯದಲ್ಲಿ ವೀರ್ಯಾಣು ಸೊನ್ನೆ. ಕೌಂಟರ್ ಕೆಟ್ಟವರಿಗೆ ಮಕ್ಕಳಿವೆ, ಚೆಕ್ ಇಲ್ಲದವರಿಗೆ ವೀರ್ಯಾಣುವೇ ಇಲ್ಲ!

ಇದನ್ನ ಹೇಗೆ ಹೊಂದಿಸೋದು? ಒಂದು ವಿವರಣೆ ಇದು. ಫಿನ್ಲೆಂಡಿನವರ ಕೌಂಟರ್ ಪೂರ್ತಿ ಮುಚ್ಚಿರಲಿಲ್ಲ. ಪ್ರಯೋಗಾಲಯದಲ್ಲಿ ನೋಡಿದಾಗ ಆ ರಿಸೆಪ್ಟರಿಗೆ ಚೂರುಪಾರು ಜೀವ ಇತ್ತು, ಮತ್ತು ಅವರ ಮೈಯಲ್ಲಿ ಎಫ್‌ಎಸ್‌ಎಚ್ ಹೆಚ್ಚಾಗಿಯೇ ಇತ್ತು. ಬಾಗಿಲು ಒಂದು ಇಂಚು ತೆರೆದಿದ್ದು ಹೊರಗೆ ಸಾವಿರ ಜನ ನಿಂತಿದ್ರೆ ಹತ್ತು ಜನ ಹೇಗೋ ನುಸುಳ್ತಾರೆ. ನನ್ನ ಅಭಿಪ್ರಾಯ ಕೇಳಿದ್ರೆ, ಮಂಗಕ್ಕೂ ಫಿನ್ಲೆಂಡಿನವರಿಗೂ ಮಾಡಿದ್ದು ಒಂದೇ ಪರೀಕ್ಷೆ ಅಲ್ಲವೇ ಅಲ್ಲ. ವರ್ಷಗಟ್ಟಲೆ ಕೆಲಸ ಮಾಡಿದ ಕೌಂಟರನ್ನ ಏಕಾಏಕಿ ಮುಚ್ಚೋದು ಬೇರೆ. ಹುಟ್ಟಿನಿಂದಲೇ ಅರೆಬರೆ ಇರೋ ಕೌಂಟರ್ ಜೊತೆ ಮೈ ಹೊಂದಿಕೊಂಡು ಬೆಳೆಯೋದು ಬೇರೆ. ಆಮೇಲೆ ಅದೇ ಸರ್ಟೋಲಿ ಕೋಶಕ್ಕೆ ಟೆಸ್ಟೋಸ್ಟಿರೋನಿನ ಎರಡನೇ ದಾರಿ ಇದ್ದೇ ಇದೆ. 2004ರಲ್ಲಿ ಬೆಲ್ಜಿಯಂನವರು ಇಲಿಯ ಸರ್ಟೋಲಿ ಕೋಶದಿಂದ ಮಾತ್ರ ಟೆಸ್ಟೋಸ್ಟಿರೋನ್ ರಿಸೆಪ್ಟರ್ ತೆಗೆದಾಗ ವೀರ್ಯಾಣು ಅರ್ಧದಾರಿಯಲ್ಲೇ ನಿಂತುಹೋಯ್ತು. ಸಾಕುತಾಯಿಗೆ ಎರಡು ಫೋನ್ ನಂಬರ್ ಇದೆ, ಒಂದು ಕಟ್ ಆದ್ರೂ ಇನ್ನೊಂದರಲ್ಲಿ ಮನೆ ನಡೆಯುತ್ತೆ. ಅರೆಹೊಟ್ಟೆಯಲ್ಲಿ, ಆದ್ರೆ ನಡೆಯುತ್ತೆ.

ಗರ್ಭನಿರೋಧಕಕ್ಕೆ ಆ ಅರೆಹೊಟ್ಟೆಯೇ ಮುಳುವಾಯ್ತು. ಬಂಜೆತನಕ್ಕೆ ಔಷಧಿ ಕೊಡೋರಿಗೆ ‘ಸ್ವಲ್ಪ ಇದೆ’ ಅನ್ನೋದು ಒಳ್ಳೆ ಸುದ್ದಿ. ಗರ್ಭ ತಡೆಯೋರಿಗೆ ಅದೇ ಕೆಟ್ಟ ಸುದ್ದಿ. ಹಾಗಾಗಿ ಬೆಂಗಳೂರಿನ ಲಸಿಕೆ ಮಾರುಕಟ್ಟೆಗೆ ಬರಲೇ ಇಲ್ಲ. ಇವತ್ತು ಎಫ್‌ಎಸ್‌ಎಚ್ ಗಂಡಸರಿಗೆ ಬಳಕೆಯಲ್ಲಿರೋದು ತಡೆಯೋಕಲ್ಲ, ಕೊಡೋಕೆ. ಪಿಟ್ಯುಟರಿ ಕೆಲಸ ಮಾಡದ ಗಂಡಸರಿಗೆ ಇಂಜೆಕ್ಷನ್ ಕೊಟ್ಟು ವೀರ್ಯಾಣು ತರಿಸ್ತಾರೆ. ಆ ಚಿಕಿತ್ಸೆಯಿಂದ ಅಪ್ಪಂದಿರಾದವರು ಎಷ್ಟೋ ಜನ.

ರಿಸೆಪ್ಟರಿಗೆ ಬೀಗ ಹಾಕೋ ಆಸೆ ಮಾತ್ರ ಸತ್ತಿಲ್ಲ, ಬೇರೆ ಕೌಂಟರಿಗೆ ಹೋಗಿದೆ. ವಿಟಮಿನ್ ಎ ಸಿಗದ ಇಲಿಗಳಲ್ಲಿ ವೀರ್ಯಾಣು ನಿಲ್ಲುತ್ತೆ ಅಂತ 1925ರಿಂದಲೇ ಗೊತ್ತು. ಆ ವಿಟಮಿನ್ನಿನಿಂದಾಗೋ ರೆಟಿನೋಯಿಕ್ ಆಮ್ಲಕ್ಕೂ, ಟೆಸ್ಟೋಸ್ಟಿರೋನಿಗೆ ಇರೋ ಹಾಗೆ, ಕೋಶದೊಳಗೆ ಒಂದು ರಿಸೆಪ್ಟರ್ ಇದೆ. ಎರಡೂ ಒಂದೇ ಕುಲದವು. 1993ರಲ್ಲಿ ಫ್ರಾನ್ಸಿನ ಪಿಯೇರ್ ಶಾಂಬೋನ್ ತಂಡ ಆ ರಿಸೆಪ್ಟರಿನ ಆಲ್ಫಾ ರೂಪವನ್ನ ಇಲಿಯಲ್ಲಿ ತೆಗೆದಾಗ ಗಂಡಿಲಿಗಳು ಬಂಜೆಯಾದವು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಗುಂಡಾ ಗೇಯೊರ್ಗ್ ತಂಡ ಆ ಒಂದು ರಿಸೆಪ್ಟರಿಗೆ ಮಾತ್ರ ಅಡ್ಡ ಕೂರೋ ಮಾತ್ರೆಯೊಂದನ್ನ ರೂಪಿಸಿದೆ, ಹೆಸರು ವೈಸಿಟಿ-529. ಇಲಿ, ಮಂಗಗಳಲ್ಲಿ ವೀರ್ಯಾಣು ಇಳಿಯಿತು, ನಿಲ್ಲಿಸಿದ ಮೇಲೆ ವಾಪಸ್ ಬಂತು. ಮನುಷ್ಯರ ಮೇಲಿನ ಮೊದಲ ಪರೀಕ್ಷೆಯ ವರದಿ 2025ರಲ್ಲಿ ಬಂದಿದೆ. 16 ಜನ. ಮಾತ್ರೆ ನುಂಗಿದ್ರೆ ಅಪಾಯ ಇದೆಯಾ ಅಂತಷ್ಟೇ ನೋಡಿದ್ದು, ವೀರ್ಯಾಣು ಎಣಿಕೆಗೆ ಅದರಲ್ಲಿ ಕೈ ಹಾಕಿರಲಿಲ್ಲ. ಆ 16 ಜನರನ್ನ ಹೇಗೆ ಆರಿಸಿದ್ರು ಗೊತ್ತಾ? ಎಲ್ಲರೂ ಮೊದಲೇ ವ್ಯಾಸೆಕ್ಟಮಿ ಮಾಡಿಸಿಕೊಂಡವರು.